ಮುಟ್ಟು ನಿಂತ ಮೇಲೆ ಹಾರ್ಮೋನ್ ಮಾತ್ರೆ: ತಗೊಳ್ಳಬಹುದಾ?

ಸುಧಾ: ನನಗೆ 51. ಮುಟ್ಟು ನಿಂತು ಒಂದೂವರೆ ವರ್ಷ ಆಯ್ತು. ರಾತ್ರಿ ಎರಡು ಗಂಟೆಗೆ ಎದೆಯಿಂದ ಕುತ್ತಿಗೆಗೆ ಬಿಸಿ ಏರುತ್ತದೆ, ದಿಂಬು ಒದ್ದೆ. ನೈಟಿ ಬದಲಾಯಿಸಿ ಮಲಗಿದರೆ ನಾಲ್ಕಕ್ಕೆ ಮತ್ತೆ ಅದೇ. ಡಾಕ್ಟರು ಎಚ್‌ಆರ್‌ಟಿ (ಹಾರ್ಮೋನ್ ಕೊಡುವ ಚಿಕಿತ್ಸೆ) ಶುರು ಮಾಡೋಣ ಅಂದರು. ಅಕ್ಕ ಮಾತ್ರ ಕ್ಯಾನ್ಸರ್ ಬರುತ್ತದೆ, ಬೇಡ ಅನ್ನುತ್ತಾಳೆ.

ಗಿರಿಜಾ: ನಿಮ್ಮ ಅಕ್ಕ ಸುಮ್ನೆ ಹೇಳಿಲ್ಲ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನುವ ಸಂಶೋಧನೆಯಲ್ಲಿ ಎರಡು ಹಾರ್ಮೋನ್ ಒಟ್ಟಿಗೆ ಕೊಡುತ್ತಿದ್ದ ಪ್ರಯೋಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್, ಪ್ರೊಜೆಸ್ಟಿನ್ ಅನ್ನುವ ಆ ಎರಡನ್ನೂ ತಗೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಜಾಸ್ತಿ ಕಂಡವು. ಮುಟ್ಟು ನಿಲ್ಲುವುದು ಕಾಯಿಲೆಯೇ ಅಲ್ಲ. ನಮ್ಮ ಅಜ್ಜಿಯರು ಯಾವ ಮಾತ್ರೆ ನುಂಗಿದರು?

ವೀಣಾ: ನಾನು ನರ್ಸ್. ಆ ಪ್ರಯೋಗದಲ್ಲಿ ಮೂರರಲ್ಲಿ ಎರಡು ಪಾಲು 60 ದಾಟಿದವರು. ಸರಾಸರಿ ವಯಸ್ಸು 63. ಸುಧಾ ಅವರಿಗೆ 51. ಪೇಪರಿನಲ್ಲಿ ಬಂದದ್ದು ‘ಸ್ತನ ಕ್ಯಾನ್ಸರ್ ಶೇ. 26 ಹೆಚ್ಚು’ ಅಂತ. ಬಿಡಿಸಿ ನೋಡಿದರೆ, ವರ್ಷಕ್ಕೆ 10,000 ಹೆಂಗಸರಲ್ಲಿ 30 ಇದ್ದದ್ದು 38 ಆಯ್ತು. ಅಜ್ಜಿಯರು ಮಾತ್ರೆ ನುಂಗಲಿಲ್ಲ, ನಿಜ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದದ್ದನ್ನೂ ನೋಡಿದ್ದೇವೆ ಅಲ್ವಾ? ಅದೇ ಪ್ರಯೋಗದಲ್ಲಿ ಸೊಂಟದ ಮೂಳೆ ಮುರಿಯುವುದು ಕಡಿಮೆಯಾಗಿತ್ತು.

ಗಿರಿಜಾ: ಆ ಎಂಟರಲ್ಲಿ ಒಬ್ಬಳು ನಮ್ಮನೆಯವಳಾದರೆ? ನನ್ನ ತಂಗಿಗೆ 48ಕ್ಕೆ ಸ್ತನ ಕ್ಯಾನ್ಸರ್ ಆಯ್ತು. ಕೀಮೋ ದಿನಗಳಲ್ಲಿ ಅವಳ ಬಾಚಣಿಗೆಯಿಂದ ಕೂದಲು ಬಿಡಿಸಿದವಳು ನಾನು.

ವೀಣಾ: ಕ್ಷಮಿಸಿ, ಗೊತ್ತಿರಲಿಲ್ಲ. ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಇದನ್ನು ಕೊಡುವುದಿಲ್ಲ. ಒಡಹುಟ್ಟಿದವರಿಗೆ ಆಗಿದ್ದರೆ ಡಾಕ್ಟರ ಹತ್ತಿರ ಮೊದಲೇ ಹೇಳಬೇಕು. ನಿಮ್ಮ ಹೆದರಿಕೆಗೆ ಕಾರಣವಿದೆ. ಅದು ಎಲ್ಲರ ಮನೆಯದೂ ಅಲ್ಲ.

ರೇಣುಕಾ, ಹಾವೇರಿ: ನೀವೆಲ್ಲ 51ರ ಮಾತಾಡುತ್ತಿದ್ದೀರಿ. ಬಿಳಿ ಹೋಗುತ್ತದೆ ಅಂತ ತೋರಿಸಲು ಹೋದರೆ 36ಕ್ಕೇ ನನ್ನ ಗರ್ಭಕೋಶ, ಅಂಡಾಶಯ ಎಲ್ಲ ತೆಗೆದರು. ಹೊಲಿಗೆ ಬಿಚ್ಚಿ ಮನೆಗೆ ಕಳಿಸಿದರು. ಮುಂದೆ ಹಾರ್ಮೋನ್ ಬೇಕಾಗುತ್ತದೆ ಅಂತ ಒಬ್ಬರೂ ಹೇಳಲಿಲ್ಲ. ಈಗ 44. ಮೊನ್ನೆ ಕೊಡ ಎತ್ತುವಾಗ ಜಾರಿ ಬಿದ್ದು ಮಣಿಕಟ್ಟು ಮುರಿಯಿತು. ನಮ್ಮ ಓಣಿಯಲ್ಲೇ ನನ್ನಂಥವರು ನಾಲ್ಕು ಜನ.

ವೀಣಾ: ರೇಣುಕಾ, ಓದಿ ಹೊಟ್ಟೆ ಉರಿಯಿತು. ಎಲ್ಲರಿಗಿಂತ ಹೆಚ್ಚಾಗಿ ಈ ಹಾರ್ಮೋನ್ ಬೇಕಿದ್ದದ್ದು ನಿಮಗೆ. ಅಷ್ಟು ಚಿಕ್ಕ ವಯಸ್ಸಲ್ಲಿ ಅಂಡಾಶಯ ತೆಗೆದರೆ, ಬೇರೆ ಅಡ್ಡಿ ಇಲ್ಲದಿದ್ದರೆ, ಮುಟ್ಟು ತಾನಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು. ಗರ್ಭಕೋಶ ಇಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಗಿರಿಜಾ ಅವರು ಹೇಳಿದ ಆ ಸಂಶೋಧನೆಯಲ್ಲೇ ಅದೊಂದನ್ನೇ ತಗೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ. ಪಾರ್ಶ್ವವಾಯು ಹೆಚ್ಚಿತು, ಅದನ್ನೂ ಮುಚ್ಚಿಡುವುದಿಲ್ಲ. ಮೂಳೆ ಎಷ್ಟು ಗಟ್ಟಿ ಇದೆ ಅಂತ ತಿಳಿಯಲು ಡೆಕ್ಸಾ ಸ್ಕ್ಯಾನ್ ಮಾಡಿಸಿ. ಆಪರೇಷನ್ ಕಾಗದ ಹುಡುಕಿ ಜೊತೆಗೆ ಒಯ್ಯಿರಿ, ಏನೇನು ತೆಗೆದಿದ್ದಾರೆ ಅಂತ ಅದರಲ್ಲಿ ಇರುತ್ತದೆ.

ಸುಧಾ: ನನಗೆ ಬಿಪಿ ಇದೆ ವೀಣಾ ಅವರೇ.

ವೀಣಾ: ಹಾಗಿದ್ದರೆ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ ಜೆಲ್ ಬಗ್ಗೆ ಕೇಳಿ. ನುಂಗುವ ಮಾತ್ರೆಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ. ಗರ್ಭಕೋಶ ಇರುವುದರಿಂದ ಜೊತೆಗೆ ಪ್ರೊಜೆಸ್ಟರಾನ್ (ಪ್ರೊಜೆಸ್ಟಿನ್ ಥರದ್ದೇ ಹಾರ್ಮೋನ್) ಬೇಕೇ ಬೇಕು.

ಗಿರಿಜಾ: ರೇಣುಕಾ, ನಾನು ಹುಬ್ಬಳ್ಳಿಯಲ್ಲೇ ಇರುವುದು. ಸ್ಕ್ಯಾನಿಗೆ ಇಲ್ಲಿಗೆ ಬರುವುದಾದರೆ ಹಿಂದಿನ ದಿನ ಹೇಳಿ, ಬಸ್ ಸ್ಟ್ಯಾಂಡಿಗೆ ಬರುತ್ತೇನೆ.