ಷಾ ಹೋದ ಮೇಲೆ ಇರಾನಿನಲ್ಲಿ ಆಗಿದ್ದೇನು?

ಮಲೆನಾಡ ಹುಡುಗಿ:
ಇರಾನಿನ 1979ರ ಕ್ರಾಂತಿ ಬಗ್ಗೆ ಓದುತ್ತಾ ಇದ್ದೇನೆ. ವಿದ್ಯಾರ್ಥಿಗಳು, ಎಡಪಕ್ಷದವರು, ಬಜಾರಿನ ವ್ಯಾಪಾರಿಗಳು, ಧರ್ಮಗುರುಗಳು, ಕೆಲಸ ನಿಲ್ಲಿಸಿದ ತೈಲ ಕಾರ್ಮಿಕರು ಎಲ್ಲರೂ ಬೀದಿಗೆ ಇಳಿದಿದ್ದರು. ಜನವರಿ 16ಕ್ಕೆ ಷಾ, ಅಂದರೆ ಇರಾನಿನ ದೊರೆ, ದೇಶ ಬಿಟ್ಟ. ಎರಡೂವರೆ ವರ್ಷ ಕಳೆಯುವಷ್ಟರಲ್ಲಿ ಜೊತೆಗೆ ಘೋಷಣೆ ಕೂಗಿದವರಲ್ಲೇ ಎಷ್ಟೋ ಜನರಿಗೆ ಜೈಲು, ಮರಣದಂಡನೆ. ಯಾಕೆ ಹೀಗಾಯಿತು?

ಹಳೇ ಓದುಗ:
ಷಾ ಹೋಗಬೇಕು ಅನ್ನುವುದರಲ್ಲಿ ಮಾತ್ರ ಒಮ್ಮತ ಇತ್ತು. ಮಾರ್ಚ್ ಕೊನೆಯಲ್ಲಿ ಜನರನ್ನು ಕೇಳಿದ್ದು ಒಂದೇ ಪ್ರಶ್ನೆ, ಇಸ್ಲಾಮಿಕ್ ಗಣರಾಜ್ಯ ಬೇಕಾ ಬೇಡವಾ ಅಂತ. ಸಂವಿಧಾನ ಇನ್ನೂ ಜನರ ಮುಂದೆ ಬಂದೇ ಇರಲಿಲ್ಲ! ಬೇಕು ಅಂದವರು 98% ಅಂತ ಘೋಷಿಸಿದರು. ಅದಕ್ಕೂ ಮೊದಲೇ, ಮಾರ್ಚ್ 8ಕ್ಕೆ, ತೆಹ್ರಾನಿನ ಹೆಂಗಸರು ಕಡ್ಡಾಯ ಹಿಜಾಬ್ ಬೇಡ ಅಂತ ಸಾವಿರಾರು ಜನ ಮೆರವಣಿಗೆ ಹೋಗಿದ್ದರು, ಆದರೆ ಎಡಪಕ್ಷದವರಲ್ಲೇ ಹೆಚ್ಚಿನವರು ಅವರ ಬೆನ್ನಿಗೆ ನಿಲ್ಲಲಿಲ್ಲ. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಗಡಿನಾಡಿಗ:
ಬಂದೂಕು ಯಾರ ಕೈಲಿತ್ತು ಅನ್ನುವುದನ್ನೂ ನೋಡಬೇಕು ಅಲ್ವಾ. ಹೆಸರಿಗೆ ಬಾಜರ್ಗಾನ್ ಪ್ರಧಾನಿ. ಆದರೆ ಬೀದಿಯ ಕ್ರಾಂತಿ ಸಮಿತಿಗಳು, ಕ್ರಾಂತಿ ನ್ಯಾಯಾಲಯಗಳು, ಹೊಸದಾಗಿ ಕಟ್ಟಿದ ಕ್ರಾಂತಿ ಪಡೆ, ಯಾವುದೂ ಅವರ ಮಾತು ಕೇಳುತ್ತಿರಲಿಲ್ಲ, ಎಲ್ಲದರ ನಿಷ್ಠೆ ಕ್ರಾಂತಿಯ ನಾಯಕನಾಗಿದ್ದ ಧರ್ಮಗುರು ಖೊಮೇನಿಗೆ. ನವೆಂಬರಿನಲ್ಲಿ ಅಮೆರಿಕದ ರಾಯಭಾರ ಕಚೇರಿಯನ್ನು ವಿದ್ಯಾರ್ಥಿಗಳು ಹಿಡಿದ ಮೇಲೆ ಬಾಜರ್ಗಾನ್ ರಾಜೀನಾಮೆ ಕೊಟ್ಟರು. 1980ರಲ್ಲಿ ಇರಾಕ್ ಜೊತೆ ಯುದ್ಧ ಶುರುವಾಯಿತು. ಆಮೇಲೆ ಎದುರು ಮಾತಾಡಿದವರೆಲ್ಲ ದ್ರೋಹಿಗಳೇ.

ಕಾರವಾರದಿಂದ:
ಆದರೆ ಕ್ರಾಂತಿ ಅಂದರೆ ಸರ್ವಾಧಿಕಾರವೇ ಗತಿ ಅಂದುಕೊಳ್ಳಬೇಡಿ. ಪೋರ್ಚುಗಲ್ ನೋಡಿ. 1974ರ ಏಪ್ರಿಲ್ 25ಕ್ಕೆ ಸೇನೆಯ ಕಿರಿಯ ಅಧಿಕಾರಿಗಳು 48 ವರ್ಷದ ಸರ್ವಾಧಿಕಾರವನ್ನು ಒಂದೇ ದಿನದಲ್ಲಿ ಕೆಡವಿದರು. ವರ್ಷದೊಳಗೆ ಚುನಾವಣೆ ಅಂತ ಮಾತು ಕೊಟ್ಟಿದ್ದರು, ಮರುವರ್ಷ ಅದೇ ತಾರೀಖಿಗೆ ನಡೆಸಿದರು. 90%ಗಿಂತ ಜಾಸ್ತಿ ಜನ ಮತ ಹಾಕಿದರು. ನಮ್ಮ ಪಕ್ಕದ ಗೋವಾ ಭಾರತದ್ದು ಅಂತ ಪೋರ್ಚುಗಲ್ ಒಪ್ಪಿಕೊಂಡಿದ್ದೂ ಈ ಕ್ರಾಂತಿ ಆದ ಮೇಲೆಯೇ.

ಮಲೆನಾಡ ಹುಡುಗಿ:
ಅಲ್ಲಿಯೂ ಬಂದೂಕು ಸೇನೆಯ ಕೈಲೇ ಇತ್ತಲ್ಲ. ಬಿಟ್ಟುಕೊಟ್ಟಿದ್ದು ಯಾಕೆ?

ಕಾರವಾರದಿಂದ:
ಸುಲಭವಾಗಿ ಏನೂ ಬಿಡಲಿಲ್ಲ. 1975 ಪೂರ್ತಿ ತೂಗಾಟ, ನವೆಂಬರಿನಲ್ಲಿ ಸೈನಿಕರೇ ಸೈನಿಕರ ಎದುರು ನಿಂತರು. ಆದರೆ ಅಷ್ಟರಲ್ಲಿ ಚುನಾವಣೆ ಆಗಿಹೋಗಿತ್ತು. ಯಾರಿಗೆ ಎಷ್ಟು ಬೆಂಬಲ ಅಂತ ಲೆಕ್ಕ ಎಲ್ಲರ ಕಣ್ಣೆದುರೇ ಇತ್ತು, ಆರಿಸಿ ಬಂದವರು ಸಂವಿಧಾನ ಬರೆಯುತ್ತಾ ಕೂತಿದ್ದರು. ಅವರನ್ನು ಮನೆಗೆ ಕಳಿಸುವ ಧೈರ್ಯ ಯಾರೂ ಮಾಡಲಿಲ್ಲ.