ಬರೆದಿಟ್ಟರೋ, ಬರೆದುಕೊಟ್ಟರೋ?

ಶಿರಸಿ, ಸಿದ್ದಾಪುರದ ಕಡೆ "ತೋಟ ಮಗಳ ಹೆಸರಿಗೆ ಬರೆದಿದ್ದಾರೆ" ಅಂತ ಯಾರಾದರೂ ಹೇಳಿದರೆ ನಿಮಗೆ ಏನು ಅರ್ಥವಾಗುತ್ತದೆ? ಉಯಿಲೋ, ದಾನಪತ್ರವೋ?

ನನ್ನ ಕಿವಿಗೆ "ಬರೆದಿಟ್ಟರು" ಅಂದರೆ ಉಯಿಲು. ಬರೆದವರು ತೀರಿಕೊಂಡ ಮೇಲಷ್ಟೇ ಅದಕ್ಕೆ ಜೀವ, ಅಲ್ಲಿಯವರೆಗೆ ತೋಟ ಅವರದ್ದೇ, ಮನಸ್ಸು ಬದಲಾದರೆ ಹರಿದುಹಾಕಿ ಬೇರೆ ಬರೆಯಬಹುದು. "ಬರೆದುಕೊಟ್ಟರು" ಅಂದರೆ ದಾನಪತ್ರ. ಅದು ನೋಂದಣಿ ಆಯಿತು ಅಂದರೆ ಆಸ್ತಿ ಕೈಬಿಟ್ಟಿತು. ಆಮೇಲೆ ಬೇಜಾರಾಯಿತು ಅಂತ ವಾಪಸ್ ಪಡೆಯುವುದು ಸುಲಭವಲ್ಲ. ನೋಡಿಕೊಳ್ಳಬೇಕು ಎಂಬ ಷರತ್ತು ಹಾಕಿ ಕೊಟ್ಟಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಒಂದು ದಾರಿ ಇದೆ. ಬರೀ "ಬರೆದಿದ್ದಾರೆ" ಅಂದಾಗ ಈ ವ್ಯತ್ಯಾಸವೇ ಮುಚ್ಚಿಹೋಗುತ್ತದೆ, ಅಲ್ವಾ?

ನಮ್ಮ ಕೇರಿಯ ಅಜ್ಜಿಯೊಬ್ಬರು "ಎಲ್ಲಾ ಬರೆದಾಗಿದೆ ಮಾರಾಯಾ" ಅಂತಲೇ ಇದ್ದರು. ಒಮ್ಮೆ ಕೇಳಿದ್ದಕ್ಕೆ ಕಪಾಟಿನ ಸೀರೆಗಳ ಅಡಿಯಿಂದ ತೆಗೆದು ತೋರಿಸಿದ್ದು ಬ್ಯಾಂಕಿನ ಠೇವಣಿ ರಸೀದಿ. ಅದರಲ್ಲಿ ನಾಮಿನಿ ಅಂತ ಕಿರಿಮಗನ ಹೆಸರು. ಅಷ್ಟೇ! ನಾಮಿನಿ ಅಂದರೆ ಬ್ಯಾಂಕಿನಿಂದ ದುಡ್ಡು ಪಡೆದುಕೊಳ್ಳುವವನು, ಅದರ ಒಡೆಯನಲ್ಲ. ಸುಪ್ರೀಂ ಕೋರ್ಟ್ 2010ರಲ್ಲಿ ಬ್ಯಾಂಕ್ ಠೇವಣಿಯ ವಿಷಯದಲ್ಲೇ ಇದನ್ನು ಹೇಳಿದೆ. ದುಡ್ಡು ಕೊನೆಗೆ ವಾರಸುದಾರರಿಗೇ ಸೇರಬೇಕು. ಆದರೆ ನಮ್ಮಲ್ಲಿ ನಾಮಿನಿ, ವಾರಸುದಾರ ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವವರೇ ಜಾಸ್ತಿ.

ಉಯಿಲಿಗೇ ಇನ್ನೊಂದು ಪದ "ಮೃತ್ಯುಪತ್ರ". ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಆಡಳಿತದಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂತು. ಆ ಕಾಲದ ಮರಾಠಿ ಬಳಕೆ ಇಲ್ಲಿ ಉಳಿದಿರಬೇಕು ಅಂತ ನನ್ನ ಅನಿಸಿಕೆ. "ಉಯಿಲು" ಇಂಗ್ಲಿಷಿನ ವಿಲ್‌ನಿಂದ ಬಂದಿದ್ದು. ಮೃತ್ಯುಪತ್ರ, ಮರಣಶಾಸನ ಅಂದ ಕೂಡಲೇ ಹಿರಿಯರು "ಸಂಜೆ ಹೊತ್ತಲ್ಲಿ ಅದರ ಸುದ್ದಿ ಯಾಕೆ" ಅಂತ ಎದ್ದು ಹೋಗುತ್ತಾರೆ. ಮಾತೇ ಎತ್ತಲಾಗದಿದ್ದರೆ ಬರೆಸುವುದು ಹೇಗೆ? ಬರೆಯದೆ ಹೋದರೆ ಹಿಂದೂ ಗಂಡಸಿನ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳು, ತಾಯಿಗೆ ಸಮನಾಗಿ ಹೋಗುತ್ತದೆ. ತೋಟದಲ್ಲೇ ದುಡಿದ ಮಗಳಿಗೆ ಸ್ವಲ್ಪ ಹೆಚ್ಚು ಕೊಡಬೇಕು ಅಂತ ಅಪ್ಪನ ಮನಸ್ಸಿನಲ್ಲಿ ಇದ್ದರೂ ಅದು ಮನಸ್ಸಿನಲ್ಲೇ ಉಳಿಯಿತು. ಬರೆಯಲು ದೊಡ್ಡ ಖರ್ಚೂ ಇಲ್ಲ. ಬಿಳಿ ಹಾಳೆ ಸಾಕು, ಛಾಪಾ ಕಾಗದ ಬೇಡ. ಬರೆಸುವವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಒಳ್ಳೆಯದು. ಪಿತ್ರಾರ್ಜಿತ ಆಸ್ತಿಯಾದರೆ ತಮ್ಮ ಪಾಲನ್ನು ಮಾತ್ರ ಬರೆಯಬಹುದು.

ಅದಕ್ಕೇ ಕೇಳುತ್ತಿದ್ದೇನೆ. ಕಾರವಾರ, ಅಂಕೋಲಾ, ಭಟ್ಕಳದ ಕಡೆ ಮನೆಮಾತಿನಲ್ಲಿ ಇದಕ್ಕೆ ಏನನ್ನುತ್ತೀರಿ? ಸಾವಿನ ಹೆಸರಿಲ್ಲದ, ಹಿರಿಯರ ಎದುರು ಸಲೀಸಾಗಿ ಆಡಬಹುದಾದ ಮಾತು ಯಾವುದಾದರೂ ಬಳಕೆಯಲ್ಲಿದೆಯಾ? "ಬರೆದಿಡು", "ಬರೆದುಕೊಡು" ಇವುಗಳ ನಡುವೆ ನಾನು ಹೇಳಿದ ವ್ಯತ್ಯಾಸವನ್ನು ನಿಮ್ಮೂರಲ್ಲೂ ಮಾಡುತ್ತಾರಾ?