ಹೆಪ್ಪುಗಟ್ಟಿದ ಹಣ್ಣು, ಸ್ಪಾರ್ಕ್ಲಿಂಗ್ ವೈನ್: ಮನ್ಯಾಗ ಮಾಡಿದವರು ಹೇಳ್ರಿ

ಕೇಳಿದವರು: ಟಿಳಕವಾಡಿ, ಬೆಳಗಾವಿ

ಮೇ ತಿಂಗಳಿಗೆ ನಮ್ಮ ಮದುವಿ ಆಗಿ 10 ವರ್ಷ ತುಂಬ್ತಾವ್ರಿ. ಸಂಜೀಕ ಮಾಳಗಿ ಮ್ಯಾಲ ಎಂಟು ಮಂದಿ ಕೂಡವರಿದ್ದೀವಿ. ಹೋದ ವರ್ಷ ಗೋವಾದಾಗ ಒಂದ ಕಡೆ ಹೆಪ್ಪುಗಟ್ಟಿದ ಸ್ಟ್ರಾಬೆರಿ ರುಬ್ಬಿ, ಮ್ಯಾಲ ಗುಳ್ಳಿ ಏಳೂ ಸ್ಪಾರ್ಕ್ಲಿಂಗ್ ವೈನ್ ಸುರುವಿ ಕೊಟ್ಟಿದ್ರು. ಬಾಯಾಗ ಇಟ್ರ ಬರ್ಫದ ತಂಪು, ನಾಲಿಗಿ ಮ್ಯಾಲ ಚುರುಚುರು. ಅದನ್ನ ನನ್ನ ಕೈಯಾರೆ ಮಾಡಿ ಎಲ್ಲಾರಿಗೂ ಕೊಡಬೇಕಂತ ಆಶಾ ಅದ.

ಹೋದ ಐತವಾರ ಒಮ್ಮೆ ಮಾಡಿ ನೋಡಿದೆ. ಸ್ಟ್ರಾಬೆರಿ, ಬರ್ಫ, ಸಕ್ಕರಿ, ವೈನ್ ಎಲ್ಲಾ ಕೂಡಿಸಿ ಮಿಕ್ಸರಿಗೆ ಹಾಕಿ ತಿರುವಿದೆ. ಎರಡು ಸೆಕೆಂಡಿನ್ಯಾಗ ಮುಚ್ಚಳ ಹಾರಿ ಕಟ್ಟಿ ತುಂಬ ನೊರಿ ಹರೀತು. ಜಾರಿನ್ಯಾಗ ಉಳಿದದ್ದು ಕುಡದ್ರ ನೀರು ನೀರು, ಗ್ಯಾಸಿನ ಸುಳಿವೇ ಇಲ್ಲ. ಬಾಟ್ಲಿ ಅಗ್ಗದ್ದಲ್ಲ, ಭಾಳ ಬ್ಯಾಸರಾತು. ಎಲ್ಲಿ ತಪ್ಪಿದೆ, ಅನುಭವ ಇದ್ದವರು ಹೇಳ್ರಿ.

ಜಲನಗರ, ವಿಜಯಪುರದಿಂದ

ತಂಗೀ, ಮುಚ್ಚಳ ಹಾರಿ ಮುಖಕ್ಕ ಬಡೀಲಿಲ್ಲಲ್ಲ, ಅದು ದೊಡ್ಡದು. ಈ ವೈನನ್ನ ಮಿಕ್ಸರಿಗೆ ಎಂದೂ ಹಾಕಬ್ಯಾಡ. ಬಾಟ್ಲಿ ಒಳಗ ಗ್ಯಾಸು ಒತ್ತಡದಿಂದ ಕರಗಿ ಕುಂತಿರತೈತಿ. ಬ್ಲೇಡು ತಿರುಗಿದ ಕೂಡಲೆ ಅಷ್ಟೂ ಒಮ್ಮೆಲೆ ಹೊರಗ ಬೀಳತೈತಿ. ಮುಚ್ಚಿದ ಜಾರಿನ್ಯಾಗ ಅದಕ್ಕ ಹೋಗಾಕ ಜಾಗಾನೂ ಇಲ್ಲ. ಮುಚ್ಚಳ ಹಾರೂದೂ ಅದಕ್ಕ, ಕುಡಿಯೂದರಾಗ ಗ್ಯಾಸು ಉಳೀದಿದ್ದೂ ಅದಕ್ಕ. ಮಿಕ್ಸರ್ ಕೆಲಸ ಹಣ್ಣಿಗೆ ಮುಗೀಬೇಕು. ವೈನು ಗಿಲಾಸಿನ್ಯಾಗ ಬೀಳಬೇಕು.

ನೀರು ನೀರು ಆಗಿದ್ದು ಬರ್ಫ ಹಾಕಿದ್ದಕ್ಕ. ಬರ್ಫ ಬಿಟ್ಟುಬಿಡು, ಹಣ್ಣs ಬರ್ಫ ಆಗಲಿ. ಹಣ್ಣು ತೊಳದು ಒಣಾ ಅರಿವಿಲೆ ಒರಸು. ಹಸಿ ಉಳದ್ರ ಒಂದಕ್ಕೊಂದು ಅಂಟಿ ಕಲ್ಲಿನ ಗುಂಡಾಗತಾವು, ಆಮ್ಯಾಲ ಬ್ಲೇಡು ಮುರಿಯೂದೊಂದ ಬಾಕಿ. ಸ್ಟೀಲ್ ತಾಟಿನ್ಯಾಗ ಒಂದ ಪದರ ಹರವಿ ಫ್ರೀಜರಿನ್ಯಾಗ ಇಡು, ಗಟ್ಟಿ ಆದ ಮ್ಯಾಲ ಚೀಲಕ್ಕ ತುಂಬು. ರುಬ್ಬೂ ಮುಂದ ಐದು ನಿಮಿಷ ಹೊರಗ ಇಟ್ಟು, ಒಂದೇ ಸವನೆ ತಿರುವದs ಬಿಟ್ಟು ಬಿಟ್ಟು ತಿರುವು. ಶೇಂಗಾ ಚಟ್ನಿ ಮಾಡೂ ಜಾರು ಮಾತ್ರ ಬ್ಯಾಡ. ಬಳ್ಳೊಳ್ಳಿ ವಾಸನಿ ಎಷ್ಟು ತೊಳದ್ರೂ ಹಣ್ಣಿಗೆ ಹತ್ತತೈತಿ, ನಾ ಒಂದ ಸಲ ಅಷ್ಟೂ ಚೆಲ್ಲೀನಿ.

ಅಳತಿ ಹೇಳತೀನಿ. ಒಂದ ಗಿಲಾಸಿಗೆ ಹಣ್ಣು 75 ಗ್ರಾಂ, ಸಕ್ಕರಿ ಪಾಕ ಒಂದೂವರೆ ಚಮಚ, ಅರ್ಧ ಲಿಂಬಿಹಣ್ಣಿನ ರಸ, ವೈನು 90 ಮಿಲಿ. ಎಂಟು ಮಂದಿಗೆ ಎರಡೆರಡು ಗಿಲಾಸು ಅಂದ್ರ 750 ಮಿಲಿಯ ಎರಡು ಬಾಟ್ಲಿ, ಹಣ್ಣು 1 ಕೆಜಿ 200 ಗ್ರಾಂ. ಲಿಂಬಿ ಇಂಡಿ ಕಡೆದು ಸಿಕ್ರ ತಗೋ. ನಮ್ಮ ಜಿಲ್ಲಾದ್ದು ಅಂತ ಹೇಳಾತೀನಿ ಅನಬ್ಯಾಡ, 2023ರಾಗ ಅದಕ್ಕ ಭೌಗೋಳಿಕ ಸೂಚಕ ಮಾನ್ಯತಾ ಸಿಕ್ಕೈತಿ. ಹುಳಿ ಇಲ್ಲಂದ್ರ ಇದು ಬರೇ ಸೀ ಶರಬತ್ತು.

ಇನ್ನೊಂದು. ನಮ್ಮ ಅವ್ವನ ತವರು ತಿಕೋಟಾ ಕಡೆ, ದ್ರಾಕ್ಷಿ ತ್ವಾಟದವರು. ಈಗ ಹಂಗಾಮು ಮುಗಿಯಾಕ ಬಂದೈತಿ, ಸಿಕ್ಕ ಥಾಮ್ಸನ್ ಬೀಜರಹಿತ ದ್ರಾಕ್ಷಿ ಅರ್ಧ ಕೆಜಿ ತಂದು ಬಿಡಿ ಬಿಡಿ ಮಾಡಿ ಫ್ರೀಜರಿಗೆ ಹಾಕಿಡು. ಅವನ್ನ ರುಬ್ಬಬ್ಯಾಡ. ಗಿಲಾಸಿಗೆ ಐದಾರು ಇಡೀ ದ್ರಾಕ್ಷಿ ಹಾಕಿದ್ರ ಬರ್ಫದ ಕೆಲಸ ಮಾಡತಾವು, ನೀರು ಬಿಡೂದಿಲ್ಲ. ಕುಡದ ಮ್ಯಾಲ ತಿನ್ನಾಕ ಬರತಾವು. ಹುಡುಗರ ಕೈಗೆ ಮಾತ್ರ ಅಂಥಾ ಗಟ್ಟಿ ದ್ರಾಕ್ಷಿ ಕೊಡಬ್ಯಾಡ, ಗಂಟಲಾಗ ಸಿಗತೈತಿ.

ನವನಗರ, ಬಾಗಲಕೋಟೆಯಿಂದ

ಅಕ್ಕಾರು ಹೇಳಿದ್ದರಾಗ ಪಾಕದ ಮಾತು ಹಗುರ ತಗೋಬ್ಯಾಡ್ರಿ. ನಾಲಿಗಿ ತಣ್ಣಗಾದಾಗ ಸಿಹಿ ಕಮ್ಮಿ ತಿಳೀತೈತಿ. ಹೊರಗ ಸೀ ಅನಿಸಿದ ಹಣ್ಣು ಹೆಪ್ಪುಗಟ್ಟಿದ ಮ್ಯಾಲ ಸಪ್ಪ ಅನಸತೈತಿ. ಸಕ್ಕರಿ ಹಳಕ ಹಂಗs ಹಾಕಿದ್ರ ತಂಪಿನ್ಯಾಗ ಕರಗೂದಿಲ್ಲ, ಹಲ್ಲಿಗೆ ಹತ್ತತೈತಿ. ಸಕ್ಕರಿ ಒಂದು ಪಾಲು, ನೀರು ಒಂದು ಪಾಲು ಕುದಿಸಿ ಕರಗಿಸಿ, ಪೂರ್ತಿ ಆರಿಸಿ ಫ್ರಿಜ್‌ನ್ಯಾಗ ಇಡ್ರಿ. ಸಕ್ಕರಿ ಇದ್ದ ರಸ ಕಲ್ಲಿನಂಗ ಗಡ್ಡಿಕಟ್ಟೂದಿಲ್ಲ, ಮೆತ್ತಗ ಉಳೀತೈತಿ, ಅದೂ ಒಂದು ಉಪಕಾರ.

ನಮ್ಮ ಮನ್ಯಾಗ ಒಂದs ಬಾಗಿಲದ ಹಳೇ ಫ್ರಿಜ್. ಮ್ಯಾಲಿನ ಪೆಟಗ್ಯಾಗ ಹಣ್ಣು ಗಟ್ಟಿ ಆಗಾಕ ಒಂದಿಡೀ ರಾತ್ರಿ ಬೇಕು. ಅದರ ನಡುವ ಬ್ಯಾಸಗ್ಯಾಗ ಕರೆಂಟ್ ಹೋಗಿ ಬಂತಂದ್ರ ಹಣ್ಣು ಅರ್ಧ ಕರಗಿ ಮತ್ತ ಕಟ್ಟಿ, ರಸ ಒಂದ ಕಡೆ ಸಿಪ್ಪಿ ಒಂದ ಕಡೆ ಆಗತೈತಿ. ಹಿಂದಿನ ದಿನ ಬ್ಯಾಡ, ಎರಡು ದಿನ ಮೊದಲs ಇಡ್ರಿ.

ಯಾವ ಹಣ್ಣು? ದಾಳಿಂಬ್ರಿ ಕಾಳು ರುಬ್ಬಬ್ಯಾಡ್ರಿ, ಬೀಜ ಒಡದು ಒಗರ ಬರತೈತಿ. ರಸ ಹಿಂಡಿ ಬರ್ಫದ ಅಚ್ಚಿನ್ಯಾಗ ಕಟ್ಟಿ, ಆ ತುಂಡು ರುಬ್ರಿ. ಬಣ್ಣ ನೋಡಾಕ ಅಷ್ಟು ಚೆಂದ. ಕಲ್ಲಂಗಡಿ ಛಲೋ, ಆದ್ರ ಲಿಂಬಿ ಜಾಸ್ತಿ ಬೇಕು. ಚಿಕ್ಕು ಬ್ಯಾಡs ಬ್ಯಾಡ, ಕಂದು ಬಣ್ಣ, ಮರಳು ಮರಳು.

ಕ್ಯಾಂಪ್, ಬೆಳಗಾವಿಯಿಂದ

ನಾನು ಹನ್ನೆರಡು ವರ್ಷ ಪಣಜಿಯ ಹೋಟೆಲ್ ಬಾರ್‌ನಲ್ಲಿ ಕೆಲಸ ಮಾಡಿ ಈಗ ಊರಿಗೆ ಮರಳಿದವನು. ಹಣ್ಣಿನ ವಿಷಯ ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ನಾನು ಬಾಟಲಿಯ ವಿಷಯಕ್ಕೆ ಬರುತ್ತೇನೆ.

ಲೇಬಲ್ ಮೇಲೆ ‘ಬ್ರೂಟ್’ ಅಂತ ಇರುವುದನ್ನೇ ತನ್ನಿ. ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರುವ ವೈನ್ ಅದು. ‘ಎಕ್ಸ್‌ಟ್ರಾ ಡ್ರೈ’ ಅಂದರೆ ಇನ್ನೂ ಕಡಿಮೆ ಸಿಹಿ ಅಂತ ಬಹಳ ಜನ ತಿಳಿಯುತ್ತಾರೆ, ಆದರೆ ಅದು ಬ್ರೂಟ್‌ಗಿಂತ ಸಿಹಿ. ಹಣ್ಣು, ಪಾಕ ಎರಡೂ ಇರುವಾಗ ಆ ಸಿಹಿ ಬೇಕಿಲ್ಲ. ಫ್ರಾನ್ಸಿನ ಶಾಂಪೇನ್‌ಗೆ ದುಡ್ಡು ಸುರಿಯಬೇಡಿ. ಅದರ ಸೂಕ್ಷ್ಮ ಪರಿಮಳ ಹಣ್ಣಿನ ಕೆಳಗೆ ಹೂತುಹೋಗುತ್ತದೆ. ನಾಸಿಕದ ಸುಲಾ ಬ್ರೂಟ್, ಶಾಂಡನ್ ಬ್ರೂಟ್ ಇದಕ್ಕೆ ಧಾರಾಳ ಸಾಕು.

ಬಾಟಲಿಯನ್ನು ಫ್ರೀಜರ್‌ನಲ್ಲಿ ಮರೆತು ಬಿಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಶೇಕಡಾ 12 ಮದ್ಯಸಾರ ಇರುವ ವೈನ್ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಗಡ್ಡೆಕಟ್ಟಲು ಶುರುವಾಗುತ್ತದೆ, ಮನೆಯ ಫ್ರೀಜರ್ ಮೈನಸ್ 18. ಗಡ್ಡೆಕಟ್ಟಿದ ವೈನ್ ಹಿಗ್ಗಿ ಗಾಜು ಒಡೆಯಬಹುದು. ಫ್ರಿಜ್‌ನಲ್ಲಿ ಮೂರ್ನಾಲ್ಕು ತಾಸು ಇಡಿ. ಅವಸರ ಇದ್ದರೆ ಬಕೆಟ್‌ನಲ್ಲಿ ಬರ್ಫ, ನೀರು, ಒಂದು ಹಿಡಿ ಉಪ್ಪು ಹಾಕಿ ಮುಳುಗಿಸಿ, ಅರ್ಧ ತಾಸಿಗೆ ಆಗುತ್ತದೆ. ಬರೀ ಬರ್ಫಕ್ಕಿಂತ ನೀರು ಸೇರಿದ ಬರ್ಫ ಬೇಗ ತಂಪು ಮಾಡುತ್ತದೆ, ಏಕೆಂದರೆ ಅದು ಬಾಟಲಿಯನ್ನು ಸುತ್ತಲೂ ಮುಟ್ಟುತ್ತದೆ. ತಣ್ಣಗಿದ್ದಷ್ಟು ಗ್ಯಾಸ್ ವೈನ್ ಒಳಗೇ ಉಳಿಯುತ್ತದೆ. ಮೇ ತಿಂಗಳ ಮಾಳಿಗೆಯ ಮೇಲೆ ಇದನ್ನು ಮರೆಯಬಾರದು.

ಶಾಂಪೇನ್ ಥರ ಮಾಡಿದ ಬಾಟಲಿಯೊಳಗೆ ಐದಾರು ವಾಯುಭಾರದಷ್ಟು ಒತ್ತಡ, ಕಾರಿನ ಟೈರಿನ ಎರಡು ಪಟ್ಟಿಗಿಂತ ಹೆಚ್ಚು. ತಂತಿ ಸಡಿಲಿಸಿದ ಕ್ಷಣದಿಂದ ಹೆಬ್ಬೆರಳು ಕಾರ್ಕ್ ಮೇಲಿಂದ ತೆಗೆಯಬೇಡಿ. ಒಣ ಟವೆಲ್ ಮುಚ್ಚಿ, ಬಾಟಲಿ ಓರೆ ಹಿಡಿದು, ಕಾರ್ಕ್ ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ. ‘ಫಟ್’ ಅನ್ನಬಾರದು, ನಿಟ್ಟುಸಿರಿನಂತೆ ‘ಸ್ಸ್’ ಅಂದರೆ ಸರಿ. ಅದರ ಮೂತಿ ಜನರ ಕಡೆ ಇರಕೂಡದು. ಕಣ್ಣಿಗೆ ಕಾರ್ಕ್ ಬಡಿಸಿಕೊಂಡ ಗಿರಾಕಿಯನ್ನು ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೇನೆ.

ಸುರಿಯುವಾಗ ತಾಳ್ಮೆ ಬೇಕು. ಗ್ಲಾಸಿಗೆ ರುಬ್ಬಿದ ಹಣ್ಣು, ಮೇಲೆ ಬೆರಳೆತ್ತರ ವೈನ್. ನೊರೆ ಏಳುತ್ತದೆ, ಇಳಿಯಲು ಬಿಡಿ. ಉದ್ದ ಚಮಚದಿಂದ ತಳದಿಂದ ಒಮ್ಮೆ ಎತ್ತಿ, ನಂತರ ಉಳಿದದ್ದು ಗ್ಲಾಸಿನ ಗೋಡೆಗುಂಟ ಇಳಿಸಿ. ಹಣ್ಣಿನ ಪ್ರತಿ ನಾರಿನ ಮೇಲೂ ಗುಳ್ಳೆ ಹುಟ್ಟುತ್ತದೆ, ಅವಸರ ಮಾಡಿದರೆ ಅರ್ಧ ಮೇಜಿನ ಮೇಲೆ.

ಇದರ ಮೂಲ ವೆನಿಸ್‌ನ ಬೆಲ್ಲಿನಿ ಎಂಬ ಪಾನೀಯ. ಹ್ಯಾರೀಸ್ ಬಾರ್‌ನ ಜುಸೆಪ್ಪೆ ಚಿಪ್ರಿಯಾನಿ 1948ರ ಸುಮಾರಿಗೆ ಬಿಳಿ ಪೀಚ್ ಹಣ್ಣಿನ ತಿರುಳಿಗೆ ಪ್ರೊಸೆಕ್ಕೊ ಎಂಬ ಇಟಲಿಯ ಸ್ಪಾರ್ಕ್ಲಿಂಗ್ ವೈನ್ ಸೇರಿಸಿ ಮಾಡಿದ್ದು, ಚಿತ್ರಕಾರ ಜೊವಾನ್ನಿ ಬೆಲ್ಲಿನಿಯ ಹೆಸರನ್ನು ಅದಕ್ಕೆ ಇಟ್ಟದ್ದು. ನಮಗೆ ಮೇ ತಿಂಗಳಿಗೆ ಪೀಚ್ ಯಾಕೆ? ಸ್ಟ್ರಾಬೆರಿ ಕಾಲವೂ ಮುಗಿದಿರುತ್ತದೆ. ರತ್ನಾಗಿರಿ ಆಪೂಸ್ ಮಾವು ಮಾರ್ಕೆಟ್ ತುಂಬ ಇರುತ್ತದೆ, ನಾರಿಲ್ಲದ ಹಣ್ಣು. ಆಪೂಸ್ ಹಾಕಿ ಮಾಡಿ.

ವಿಜಯಪುರದಿಂದ, ಮತ್ತೊಬ್ಬರು

ನಮ್ಮ ಮನ್ಯಾಗ ಅರ್ಧ ಮಂದಿ ಕುಡಿಯೂದಿಲ್ಲ. ಅದs ಹಣ್ಣಿಗೆ ತಣ್ಣನ ಸೋಡಾ, ಚೂರು ಕೋಕಂ ರಸ, ಚಿಟಿಕಿ ಉಪ್ಪು. ಗಿಲಾಸು ಬ್ಯಾರೆ ಬಣ್ಣದ್ದು ಇಡ್ರಿ, ತಪ್ಪಿ ಅದಲು ಬದಲು ಆಗಬಾರದು. ಕುಡದ ಮ್ಯಾಲ ಗಾಡಿ ಯಾರು ಓಡಸತಾರ ಅನ್ನೂದು ಮೊದಲs ಮಾತಾಡಿಕೊಳ್ರಿ. ತಂಪು, ಸೀ ಇದ್ದದ್ದಕ್ಕ ವೈನು ಎಷ್ಟು ಇಳೀತು ತಿಳಿಯೂದಿಲ್ಲ.

ಕೇಳಿದವರು: ಟಿಳಕವಾಡಿ, ಬೆಳಗಾವಿ

ಎಲ್ಲಾರಿಗೂ ಭಾಳ ಭಾಳ ಉಪಕಾರ. ನಿನ್ನೆ ಆಪೂಸ್ ಎರಡs ಗಿಲಾಸು ಮಾಡಿ ನೋಡಿದ್ವಿ. ಬಾಟ್ಲಿ ‘ಸ್ಸ್’ ಅಂತು ಅಣ್ಣಾರ, ನಮ್ಮನಿಯವರು ಕೇಳಲಿಕ್ಕೆ ಕಿವಿ ಹತ್ರ ತಂದಿದ್ರು. ಗ್ಯಾಸು ಕೊನೀ ಗುಟುಕಿನ ತನಕ ಇತ್ತು! ಮಾವಿನ ತಿರುಳು ಮಾತ್ರ ಭಾಳ ಗಟ್ಟಿ ಆಗಿ ತಳದಾಗ ಕುಂತುಬಿಡ್ತು. ಮತ್ತ ಬಾಟ್ಲಿಯೊಳಗ ಅರ್ಧ ವೈನ್ ಉಳದದ, ಬಾಯಿಗೆ ಬೆಳ್ಳಿ ಚಮಚ ಇಟ್ರ ಗ್ಯಾಸು ಹೋಗೂದಿಲ್ಲ ಅಂತ ನಮ್ಮ ಕಾಕು ಅಂತಾರ, ಖರೇನ?

ಕ್ಯಾಂಪ್, ಬೆಳಗಾವಿಯಿಂದ

ಚಮಚದಿಂದ ಏನೂ ಆಗುವುದಿಲ್ಲ ತಂಗೀ, ಗ್ಯಾಸ್ ಉಳಿಸುವುದು ಫ್ರಿಜ್‌ನ ತಂಪು. ಸ್ಪಾರ್ಕ್ಲಿಂಗ್ ಬಾಟಲಿಗೆಂದೇ ಕ್ಲಿಪ್ ಇರುವ ಬಿರಡೆ ಸಿಗುತ್ತದೆ, ಅದನ್ನು ಹಾಕಿ ನಿಲ್ಲಿಸಿಟ್ಟರೆ ನಾಳೆಗೂ ನಡೆಯುತ್ತದೆ. ಮೂಲ ಕಾರ್ಕ್ ವಾಪಸ್ ಕೂಡುವುದಿಲ್ಲ, ಬಲವಂತ ಮಾಡಬೇಡಿ. ಮಾವಿಗೆ ರುಬ್ಬುವಾಗಲೇ ಗ್ಲಾಸಿಗೆ ಎರಡು ಚಮಚ ತಣ್ಣನೆಯ ನೀರು ಸೇರಿಸಿ, ಚಮಚದಿಂದ ಬಿದ್ದರೆ ಪಟ್ಟಿಯಾಗಿ ಇಳಿಯುವಷ್ಟು ತೆಳ್ಳಗೆ. ಲಿಂಬೆರಸ ಕಾಲು ಹೋಳು ಹೆಚ್ಚಿಸಿ. ಆ ಸಂಜೆಗೆ ಗ್ಲಾಸುಗಳನ್ನೂ ಒಂದು ತಾಸು ಮೊದಲೇ ಫ್ರಿಜ್‌ಗೆ ಹಾಕಿಡಿ.